ಸತ್ಯಾಂಶ: ಪೈಪಿನ ಮೇಲಿನ ‘6 ಕೆಜಿ’ ಗಾಳಿಗಲ್ಲ

ಪಿವಿಸಿ ಪೈಪಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿಸಿ, ಹಿತ್ತಲಲ್ಲಿ ಚೆಂಡು ಹಾರಿಸುವ ಗುರಿಯಾಟ ಆಡಬಹುದು. ಪೈಪಿನ ಮೇಲೆ 6 ಕೆಜಿ ಒತ್ತಡ ಅಂತ ಬರೆದಿದೆ, ಭಯವಿಲ್ಲ. ಇಂಥ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ.

ಇದು ತಪ್ಪು. ಆ ಅಂಕಿ (ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ) ನೀರಿಗೆ ಕೊಟ್ಟದ್ದು, ಅದೂ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ಹೆಚ್ಚಿದಂತೆ ಪೈಪಿನ ತಾಳಿಕೆ ಇಳಿಯುತ್ತದೆ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ವಾ?

ನೀರನ್ನು ಒತ್ತಿದರೆ ಅದು ಕುಗ್ಗುವುದು ತೀರಾ ಕಡಿಮೆ. ಪೈಪು ಸೀಳಿದರೆ ಒಂದಿಷ್ಟು ನೀರು ಚಿಮ್ಮಿ ಒತ್ತಡ ಕೂಡಲೇ ಇಳಿದುಬಿಡುತ್ತದೆ. ಗಾಳಿ ಹಾಗಲ್ಲ. ಒತ್ತಿದ ಸ್ಪ್ರಿಂಗಿನಂತೆ ಶಕ್ತಿ ಹಿಡಿದುಕೊಂಡಿರುತ್ತದೆ. 4 ಕೆಜಿ ಒತ್ತಡದ ಗಾಳಿ ಹೊರಬಂದರೆ ಸುಮಾರು 5 ಪಟ್ಟು ಹಿಗ್ಗುತ್ತದೆ. ಪಿವಿಸಿ ಒಡೆದಾಗ ಚೂಪು ಚೂರುಗಳಾಗಿ ಸಿಡಿಯುವುದೂ ಉಂಟು. ಹಿಂದಿನ ಸಲ ಏನೂ ಆಗಲಿಲ್ಲ ಎನ್ನುವುದು ಪುರಾವೆಯಲ್ಲ: ಬಿಸಿಲಲ್ಲಿ ಬಿದ್ದ ಪೈಪು ಪೆಡಸಾಗುತ್ತದೆ, ಸಣ್ಣ ಬಿರುಕು ಕಣ್ಣಿಗೆ ಕಾಣುವುದಿಲ್ಲ.

ನೀವೇ ಪರೀಕ್ಷಿಸಬಹುದು. ಪೈಪಿನ ಮೇಲಿನ ಅಚ್ಚು ಓದಿ. ಐಎಸ್ 4985 ಎಂದಿದ್ದರೆ ಅದು ಕುಡಿಯುವ ನೀರಿನ ಪೈಪುಗಳ ಮಾನದಂಡ. ತಯಾರಕರ ಕೆಟಲಾಗ್‌ನಲ್ಲಿ ‘ಒತ್ತಿದ ಗಾಳಿ’ಯ ಬಗ್ಗೆ ಏನಿದೆ ಎಂದು ಹುಡುಕಿ. ಯಾವುದೇ ಸಂದೇಶದಲ್ಲಿ ಅಂಕಿ ಕಂಡರೆ, ಅದು ಯಾವುದಕ್ಕೆ, ಎಷ್ಟು ಬಿಸಿಯಲ್ಲಿ ಎಂದು ಕೇಳಿ.

ಕಳಿಸಿದವರು ಮಕ್ಕಳ ಖುಷಿಗೆಂದೇ ಕಳಿಸಿರುತ್ತಾರೆ. ಆಟ ಬೇಕೇ ಬೇಕೆಂದರೆ ಐಸ್‌ಕ್ರೀಂ ಕಡ್ಡಿ, ರಬ್ಬರ್ ಬ್ಯಾಂಡು, ಪ್ಲಾಸ್ಟಿಕ್ ಚಮಚ ಸೇರಿಸಿ ಮಾಡಿದ ಪುಟ್ಟ ಕವಣೆ ಸಾಕು. ಕಾಗದದ ಉಂಡೆ ಬಕೆಟ್ಟಿಗೆ ಬೀಳಿಸುವುದೂ ಅಷ್ಟು ಸುಲಭವಲ್ಲ.