ಗೋಡೆಗೆ ಮೆತ್ತಿದ ಬೀಜ

ಜಗತ್ತಿನ ನಾನಾ ಬೆಳೆಗಳ ಬೀಜವನ್ನು ಚಳಿಯಲ್ಲಿ ಕಾಪಿಡುವ ನಾರ್ವೆಯ ಸ್ವಾಲ್ಬಾರ್ಡ್ ಬೀಜ ಭಂಡಾರದ ಬಗ್ಗೆ ಒಂದು ಬರಹ ಓದಿ ಖುಷಿಯಾಯಿತು. ಒಂದು ಮಾತು ಸೇರಿಸಬೇಕು ಅನ್ನಿಸಿತು. 2008ರಲ್ಲಿ ಶುರುವಾದ ಆ ಭಂಡಾರದಿಂದ ಮೊದಲ ಸಲ ಬೀಜ ವಾಪಸ್ ತೆಗೆದದ್ದು 2015ರಲ್ಲಿ. ಸಿರಿಯಾ ಯುದ್ಧದಿಂದ ಅಲೆಪ್ಪೊ ಹತ್ತಿರದ ಬೀಜ ಬ್ಯಾಂಕ್ ಕೈತಪ್ಪಿ ಹೋಗಿತ್ತು. ಆ ಬ್ಯಾಂಕಿನವರು ಮೊದಲೇ ಸ್ವಾಲ್ಬಾರ್ಡ್‌ನಲ್ಲಿ ಇಟ್ಟಿದ್ದ ಗೋಧಿ, ಬಾರ್ಲಿ, ಕಡಲೆ ಬೀಜ ತೆಗೆದು ಲೆಬನಾನ್, ಮೊರಾಕ್ಕೊದಲ್ಲಿ ಬಿತ್ತಿ ಬೆಳೆಸಿ, 2017ರಲ್ಲಿ ಹೊಸ ಬೀಜವನ್ನು ಮತ್ತೆ ಸ್ವಾಲ್ಬಾರ್ಡ್‌ಗೇ ಕಳಿಸಿದರು. ಬಿತ್ತಿದ್ದಕ್ಕೇ ಅದು ಉಳಿಯಿತು, ಅಲ್ವಾ?

ನಮ್ಮಜ್ಜಿ ಸೌತೆ, ಕುಂಬಳದ ಬೀಜಕ್ಕೆ ಬೂದಿ ಹಚ್ಚಿ, ಸಗಣಿಯಲ್ಲಿ ಒತ್ತಿ, ಅಡುಗೆಮನೆ ಗೋಡೆಗೆ ಮೆತ್ತುತ್ತಿದ್ದರು. ಮುಂಗಾರು ಬಂದ ಮೇಲೆ ಕಿತ್ತು, ಪುಡಿ ಮಾಡಿ, ಬೀಜ ಬಿಡಿಸಿ ಹಾಕೋದು. ಅಕ್ಕಪಕ್ಕದವರೂ ಒಂದು ಹಿಡಿ ಒಯ್ಯುತ್ತಿದ್ದರು. ಈಗ ಆ ಸೌತೆ ನಮ್ಮಲ್ಲಿ ಇಲ್ಲ. ಊರಲ್ಲಿ ಯಾರ ಹತ್ತಿರವಾದರೂ ಇದೆಯಾ ಅಂತ ಕೇಳುತ್ತಲೇ ಇದ್ದೇನೆ.