ಕಂಬ ಸೊಟ್ಟ ಮಾಡಿದ್ದು ನಾನಲ್ಲ ಸ್ವಾಮಿ

ನಾನು ತೆಗೆದ ಮದುವೆ ಫೋಟೊದಲ್ಲಿ ಕಂಬ ಸೊಟ್ಟಗಿದೆಯಂತೆ. ತೊಟ್ಟಿಮನೆಯ ತೇಗದ ಕಂಬ! ತಮ್ಮ ಮದುವೆಗೆ ಬುಕ್ಕಿಂಗ್ ಮಾತಾಡೋಕೆ ಬಂದ ಇನ್ನೊಂದು ಮನೆಯ ಹುಡುಗಿಯ ಸೋದರಮಾವ ಫೋನಲ್ಲಿ ಎರಡು ಬೆರಳಿಟ್ಟು ಹಿಗ್ಗಿಸಿ, ಎಲ್ಲರ ಎದುರಿಗೇ, "ಇದು ನೀವೇ ತೆಗ್ದಿದ್ದಾ? ಕೆಳಗೆ ನಿಮ್ಮ ಹೆಸ್ರಿದೆ" ಅಂದ್ರು. ಹೆಸರಿದೆ, ಹೌದು. ಅದರ ಮೇಲಿರೋದು ನಾನು ಕೊಟ್ಟ ಫೋಟೊ ಅಲ್ಲ, ಆ ಮದುವೆ ಮನೆಯವರು ಆಪ್ ಹಾಕಿ ತಿದ್ದಿ, ನನ್ನ ಹೆಸರಿಟ್ಟೇ ಹಾಕಿರೋದು. ಬಾಯಿ ತೆಗೆಯೋಷ್ಟರಲ್ಲಿ "ಮುಖಕ್ಕೆ ಅರಿಶಿನ ಬಳಿದಂಗಿದೆ, ಸೀರೆ ಜರಿ ಎಲ್ಲಿ ಹೋಯ್ತು?" ಅಂತ ಫೋನ್ ಪಕ್ಕದವರಿಗೆ ದಾಟ್ಸಿದ್ರು. ಅವರೂ ಹಿಗ್ಗಿಸಿ ನೋಡಿದ್ರು. ಆಮೇಲೆ ಅವರ ಹೆಂಡತಿ. ಯಾರೂ ಬೈಯಲಿಲ್ಲ, ಅದೇ ಉರಿ.

ಸೊಂಟ ಸಣ್ಣ ಮಾಡೋ ಆಪ್‌ಗೆ ಸೊಂಟ ಯಾವುದು ಕಂಬ ಯಾವುದು ಅನ್ನೋ ಜ್ಞಾನ ಎಲ್ಲಿಂದ ಬರಬೇಕು? ಬೆರಳಿಟ್ಟ ಜಾಗದ ಸುತ್ತಲಿನ ಪಿಕ್ಸೆಲ್‌ನೆಲ್ಲ ಒಳಕ್ಕೆ ಎಳೆಯುತ್ತೆ, ಪಕ್ಕದ ನೇರ ಗೆರೆಯೂ ಬಾಗುತ್ತೆ. ಅದರ ಮೇಲೊಂದು ಹಳದಿ-ಕೆಂಪು ಏರಿಸೋ ವಾರ್ಮ್ ಫಿಲ್ಟರ್. ಕೆಂಪು ರೇಷ್ಮೆಯಲ್ಲಿ ರೆಡ್ ಚಾನೆಲ್, ಅಂದ್ರೆ ಕೆಂಪು ಬಣ್ಣದ ಅಳತೆ, ಆಗಲೇ ತುದಿಯಲ್ಲಿರುತ್ತೆ, ಇನ್ನೂ ತಳ್ಳಿದ್ರೆ ಗರಿಷ್ಠ ಮಿತಿ 255ಕ್ಕೆ ಬಡಿದು ನೆರಿಗೆಯೆಲ್ಲ ಮಾಯ. ಸ್ಮೂತ್ ಮಾಡಿದಾಗ ಚರ್ಮದ ಜತೆ ಜರಿ ಎಳೆಯೂ ಅಳಿಸುತ್ತೆ. ಹಿಂದಿನ ಮಬ್ಬು ಗೋಡೆ ಪಟ್ಟೆ ಪಟ್ಟೆ, ಯಾಕಂದ್ರೆ ಕೊಟ್ಟಿದ್ದು 8 ಬಿಟ್ ಜೆಪೆಗ್, ಚಾನೆಲ್‌ಗೆ 256 ಮೆಟ್ಟಿಲು ಅಷ್ಟೇ. ನಾವು ಬಣ್ಣ ಎಳೆದಾಡೋದು ಕ್ಯಾಮೆರಾದಿಂದ ನೇರ ಬಂದ ಕಚ್ಚಾ ಫೈಲ್, ಅಂದ್ರೆ 14 ಬಿಟ್ ರಾ ಫೈಲ್‌ನಲ್ಲಿ, ಅಲ್ಲಿ 16,384. ಅದೂ ಇವರು ಹಾಕಿರೋದು ಸ್ಕ್ರೀನ್‌ಶಾಟ್! ಕ್ವಾಲಿಟಿ ಕೆಡಬಾರದು ಅಂತ ನಾನು ಡಾಕ್ಯುಮೆಂಟ್ ಆಗಿ ಕಳಿಸಿದ್ದು ಯಾವ ಪುರುಷಾರ್ಥಕ್ಕೆ?

ಹೋಗ್ಲಿ ಬಿಡಿ. ದುಡ್ಡು ಕೊಟ್ಟಿದ್ದಾರೆ, ಮುಖ ಅವರದ್ದು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ನೂ ಅದನ್ನೇ ಹೇಳುತ್ತೆ: ಬೇರೆ ಒಪ್ಪಂದ ಇಲ್ಲದಿದ್ರೆ, ಹಣ ಕೊಟ್ಟು ತೆಗೆಸಿದವರೇ ಫೋಟೊಗೆ ಮೊದಲ ಮಾಲೀಕರು.

ಬಿಡೋದೇನು, ಬಿಡಲ್ಲ! ಅದೇ ಕಾಯ್ದೆಯ 57 ಓದಿ. ಮಾಲೀಕತ್ವ ಯಾರದ್ದೇ ಇರಲಿ, ಕೆಲಸವನ್ನ ತಿರುಚಿ, ಅದನ್ನ ಮಾಡಿದವನ ಮಾನಕ್ಕೆ ಕುಂದು ತಂದ್ರೆ ಅವನು ತಡೆಯಬಹುದು. ತಡೆಯಲಿ, ಯಾರನ್ನ? ಮೊನ್ನೆ ತಾನೇ ಮದುವೆಯಾದ ಹುಡುಗಿಗೆ ನೋಟಿಸ್ ಕಳಿಸಲಾ? ಸಾಕ್ಷಿಗೆ ಕಂಬ ಹೊತ್ಕೊಂಡು ಹೋಗಲಾ? ಮುಂದಿನ ಬುಕ್ಕಿಂಗ್ ದೇವರೇ ಕೊಡಬೇಕು.

ವಾಟರ್‌ಮಾರ್ಕ್ ಹಾಕಿ ಅಂತೀರಿ. ಮೂಲೆಯಲ್ಲಿ ಹಾಕಿದ್ರೆ ಕ್ರಾಪ್. ನಡುವೆ ಹಾಕಿದ್ರೆ "ನನ್ನ ಸೀರೆ ಮೇಲೆ ನಿಮ್ಮ ಹೆಸರ್ಯಾಕೆ?" ಒಪ್ಪಂದದಲ್ಲಿ ಸಾಲೇ ಇದೆ, ಫಿಲ್ಟರ್ ಹಾಕಿದ್ರೆ ನಮ್ಮ ಹೆಸರು ತೆಗೀರಿ ಅಂತ. ಸಹಿ ಹಾಕಿದ್ದಾರೆ. ಓದಿದ ಪುಣ್ಯಾತ್ಮರು ಯಾರು?

ಮೊಡವೆ ಹೋಗಬೇಕಾ, ಸೊಂಟ ಒಂಚೂರು ಒಳಗೆ ಬೇಕಾ, ಒಂದು ಮಾತು ಹೇಳಿ. ಕಂಬವನ್ನ ಬೇರೆ ಲೇಯರ್‌ನಲ್ಲಿಟ್ಟು, ಮಾಸ್ಕ್ ಹಾಕಿ, ನೇರವಾಗೇ ಉಳಿಸಿ ಮಾಡ್ಕೊಡ್ತೀನಿ. ಕೇಳೋಕೆ ಏನು ಧಾಡಿ? ಯಾರಾದ್ರೂ ಉತ್ತರ ಕೊಡ್ರಪ್ಪಾ.

ಇಷ್ಟು ಬರೆಯೋ ಹೊತ್ತಿಗೆ ಆ ಮದುವೆ ಮನೆಯಿಂದ ಮೆಸೇಜ್: "ಅಣ್ಣಾ, ರಾ ಫೈಲ್ಸ್ ಎಲ್ಲಾ ಪೆನ್‌ಡ್ರೈವಿಗೆ ಹಾಕ್ಕೊಡಿ, ನಮ್ ತಮ್ಮ ಎಡಿಟ್ ಮಾಡ್ತಾನೆ."