ಐಹೊಳೆಯ ಚಾವಣಿ, ಮುಂಬೈಯ ಗೋಡೆ

ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಈಚೆಗೆ ಶಾಲಾ ಮಕ್ಕಳ ಗುಂಪೊಂದು ಋಷಿಗಳ ನಡುವೆ ಕುಳಿತ ಬ್ರಹ್ಮನ ಶಿಲ್ಪದೆದುರು ನಿಂತಿತ್ತು. ಅವರಿಗೆ ವಿವರಿಸುತ್ತಿದ್ದ ಹೆಣ್ಣುಮಗಳು, ಇದು ಗೋಡೆಯ ಕಲ್ಲಲ್ಲ, ಗುಡಿಯ ಚಾವಣಿಯದು, ನೀವೀಗ ಕತ್ತೆತ್ತಿ ನೋಡುತ್ತಿದ್ದೀರಿ ಎಂದುಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿದಳು. ಮಕ್ಕಳೆಲ್ಲ ಒಮ್ಮೆಲೇ ಕತ್ತು ಹಿಂದಕ್ಕೆ ಬಾಗಿಸಿದರು. ಆ ಕಲ್ಲು ನಮ್ಮ ಐಹೊಳೆಯದು. ಬಾಗಲಕೋಟೆ ಸೀಮೆಯಲ್ಲಿ ಬೆಳೆದು, ಬುತ್ತಿ ಕಟ್ಟಿಕೊಂಡು ಶಾಲೆಯ ಪ್ರವಾಸಕ್ಕೆ ಅದೇ ಐಹೊಳೆಗೆ ಹೋಗಿದ್ದ ನಮಗೆ ಹೀಗೆ ಕತ್ತೆತ್ತಿ ನೋಡಲು ಯಾರೂ ಹೇಳಿರಲಿಲ್ಲ. ನನಗೆ ಸಂತೋಷವೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಚಾವಣಿಯಲ್ಲಿದ್ದ ಬ್ರಹ್ಮ, ಶೇಷಶಾಯಿ ವಿಷ್ಣು ಮತ್ತು ಪಾರ್ವತಿಯೊಡನಿರುವ ಶಿವನ ಫಲಕಗಳು ಇಂದು ಮುಂಬೈಯಲ್ಲಿವೆ. ಬಾದಾಮಿ ಚಾಲುಕ್ಯರ ಕಾಲದ ಈ ಕಲ್ಲುಗಳು ಅಲ್ಲಿ ಇರುವುದು ವಿಚಿತ್ರವೇನಲ್ಲ. 1956ರವರೆಗೆ ಐಹೊಳೆಯಿದ್ದ ಅಂದಿನ ಬಿಜಾಪುರ ಜಿಲ್ಲೆ ಮುಂಬೈ ಆಡಳಿತಕ್ಕೇ ಸೇರಿತ್ತು, 1922ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಸಂಗ್ರಹಾಲಯವೇ ನಮ್ಮವರಿಗೂ ರಾಜಧಾನಿಯ ಸಂಗ್ರಹಾಲಯವಾಗಿತ್ತು. ನನ್ನನ್ನು ಕಾಡುವುದು ಒಡೆತನದ ಪ್ರಶ್ನೆಯಲ್ಲ. ಮಲಗಿದ್ದ ಕಲ್ಲನ್ನು ನಿಲ್ಲಿಸಿದಾಗ ನೋಡುವವನ ದಿಕ್ಕೇ ಬದಲಾಗುತ್ತದೆ. ಆ ಬದಲಾವಣೆಯನ್ನು ಯಾರಾದರೂ ಬಾಯಿಬಿಟ್ಟು ಹೇಳದಿದ್ದರೆ ನೋಡುಗನಿಗೆ ತಾನು ಕಳೆದುಕೊಂಡದ್ದೇನೆಂಬುದೂ ತಿಳಿಯುವುದಿಲ್ಲ. ಸಂಗ್ರಹಪಾಲಕನ ಕೆಲಸ ಕಲ್ಲನ್ನು ಕಾಯುವುದಷ್ಟೇ ಅಲ್ಲ, ಅದು ಎಲ್ಲಿತ್ತು, ಯಾರ ಕಣ್ಣಿಗೆ ಹೇಗೆ ಬೀಳುತ್ತಿತ್ತು ಎಂಬುದನ್ನು ಮರಳಿ ಕೊಡುವುದೂ ಹೌದು ಎಂದು ನಾನು ನಂಬಿದ್ದೇನೆ.

ಇದೇ ಕಟ್ಟಡದಲ್ಲಿ 2017ರ ನವೆಂಬರಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಮತ್ತು ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯಗಳೊಡನೆ ಸೇರಿ ಏರ್ಪಡಿಸಿದ ‘ಭಾರತ ಮತ್ತು ಜಗತ್ತು’ ಪ್ರದರ್ಶನವನ್ನು ನೆನೆಯುತ್ತೇನೆ. ರಾಜವಂಶಗಳ ಸಾಲು ಹಿಡಿಯದೆ ಇಡೀ ಚರಿತ್ರೆಯನ್ನು ಒಂಬತ್ತು ಕಥೆಗಳಾಗಿ ಜೋಡಿಸಿ, ನಮ್ಮ ನೆಲದ ವಸ್ತುಗಳನ್ನೂ ದೂರದೇಶದ ವಸ್ತುಗಳನ್ನೂ ಒಂದೇ ಕೋಣೆಯಲ್ಲಿ ಎದುರುಬದುರು ಇಟ್ಟಿದ್ದರು. ಯಾವುದನ್ನು ಯಾವುದರ ಪಕ್ಕದಲ್ಲಿಡಬೇಕು ಎಂದು ಯಾರೋ ಕುಳಿತು ಯೋಚಿಸಿದ್ದರು, ವಾದಿಸಿದ್ದರು ಎಂಬುದು ಪ್ರತಿ ಹೆಜ್ಜೆಗೂ ಕಾಣುತ್ತಿತ್ತು.

ಊರಿನ ಕಡೆ ಹೋದಾಗ ನಾನು ಕಂಡ ಒಂದು ಸರ್ಕಾರಿ ಸಂಗ್ರಹಾಲಯದಲ್ಲಿ ಇಂಥ ಯೋಚನೆಯ ಸುಳಿವೇ ಇರಲಿಲ್ಲ. ಕಾಂಪೌಂಡಿನ ಗೋಡೆಗೆ ಒರಗಿಸಿದ ವೀರಗಲ್ಲುಗಳಿಗೆ ಬಣ್ಣದಲ್ಲಿ ಬರೆದ ಅಂಕಿ ಮಾತ್ರ ಇತ್ತು. ಇದು ಯಾವ ಊರಿನದು ಎಂದು ಕಾವಲಿನವರನ್ನು ಕೇಳಿದೆ. “ಹಳೇ ಕಲ್ಲು ರೀ, ನೋಡ್ರಿ” ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಅವರಿಗೂ ಯಾರೂ ಹೇಳಿಲ್ಲ. ಒಳಗೆ ಒಂದು ಫಲಕ ಇತ್ತು, ಅದರಲ್ಲಿ ‘ವೀರಗಲ್ಲು, 10ನೇ ಶತಮಾನ, ಕಲ್ಲು’ ಎಂದಿತ್ತು. ಕಲ್ಲು ಎಂಬುದು ಎದುರಿಗೇ ಕಾಣುತ್ತಿರುವಾಗ, ಸತ್ತವನು ಯಾರು, ಯಾಕೆ ಸತ್ತ ಎಂಬ ಎರಡು ಸಾಲಿಗೆ ಜಾಗವಿರಲಿಲ್ಲವೇ?

ನಮ್ಮಲ್ಲಿ ಹೇಳುವುದಕ್ಕೆ ಕಥೆಗಳಿಲ್ಲವೆಂದಲ್ಲ. ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವನ್ನೇ ನೋಡಿ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಬಳಿಕ, ಗಂಗ ದೊರೆ ಬೂತುಗನು ತನ್ನ ಯೋಧ ಮಣಲೆರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಟ್ಟು ದತ್ತಿ ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವೇ ಇದೆ. ಯಾವ ಮಗು ಈ ಕಥೆ ಕೇಳಿ ಆ ಕಲ್ಲಿನ ಮುಂದೆ ಕುಳಿತುಬಿಡುವುದಿಲ್ಲ? ಶಾಸನಗಳನ್ನು ಓದಿ ಅಚ್ಚುಹಾಕಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಹೊರತಂದ ನಾಡು ನಮ್ಮದು, 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ. ಎಚ್. ಕೃಷ್ಣರಂಥವರು ದುಡಿದ ಪುರಾತತ್ವ ಇಲಾಖೆ ನಮ್ಮದು. ಅವರು ಕಲ್ಲಿನ ಮೇಲಿನ ಒಂದೊಂದು ಅಕ್ಷರವನ್ನೂ ಓದಿ ಪುಸ್ತಕಕ್ಕೆ ಇಳಿಸಿದರು. ಪುಸ್ತಕದಿಂದ ಫಲಕಕ್ಕೆ ಆ ಓದು ದಾಟಬೇಕಾಗಿದ್ದ ಅಷ್ಟು ಚಿಕ್ಕ ದೂರವನ್ನು ನಾವು ದಾಟಲಿಲ್ಲ.

ಮುಂಬೈಯನ್ನು ಹೊಗಳುವಾಗ ಒಪ್ಪಿಕೊಳ್ಳಬೇಕಾದ ಮಾತುಗಳೂ ಇವೆ. ಟ್ರಸ್ಟಿನ ಆಡಳಿತ, ದಾನಿಗಳ ನೆರವು, ಮಹಾನಗರದ ಪ್ರೇಕ್ಷಕರು ಅವರಿಗಿದ್ದಾರೆ; ನಮ್ಮ ಜಿಲ್ಲೆಗಳ ಸಂಗ್ರಹಾಲಯಗಳಲ್ಲಿ ಬೆರಳೆಣಿಕೆಯ ಸಿಬ್ಬಂದಿ, ಸುತ್ತಲಿನ ಹಳ್ಳಿಗಳ ಹೊಲ, ಕೆರೆ ಏರಿ, ಗುಡಿಯ ಅಂಗಳಗಳಲ್ಲಿ ಲೆಕ್ಕವಿಲ್ಲದಷ್ಟು ಕಲ್ಲು. ಹಳ್ಳಿಯಲ್ಲೇ ಉಳಿದ ವೀರಗಲ್ಲಿಗೆ ಇಂದಿಗೂ ಕುಂಕುಮ ಹಚ್ಚುವವರಿದ್ದಾರೆ, ಆ ಸಂಬಂಧವನ್ನು ಯಾವ ಫಲಕವೂ ತಂದುಕೊಡಲಾರದು. ಐಹೊಳೆಯ ಬ್ರಹ್ಮನಾದರೂ ತನ್ನ ಗುಡಿಯನ್ನು ಬಿಟ್ಟೇ ಮುಂಬೈ ಸೇರಿದವನು. ಎಷ್ಟು ಚೆನ್ನಾಗಿ ವಿವರಿಸಿದರೂ ಅವನ ಕೆಳಗೆ ಗುಡಿಯ ಕತ್ತಲೆಯಿಲ್ಲ, ದೀಪದ ಮಸಿಯಿಲ್ಲ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಎರಡು ಸಾಲು ಕನ್ನಡ ಬರೆಯಲು ಮಹಾನಗರದ ಹಣ ಬೇಕಿಲ್ಲ. ಜಿಲ್ಲೆಗೊಬ್ಬ ಶಾಸನ ಬಲ್ಲವರೂ ಒಬ್ಬ ಶಾಲಾ ಮೇಷ್ಟ್ರೂ ಒಟ್ಟಿಗೆ ಕುಳಿತರೆ, ಈ ಬೇಸಗೆಯ ರಜೆಯೊಳಗೇ ಆ ಕಾಂಪೌಂಡಿನ ವೀರಗಲ್ಲುಗಳಲ್ಲಿ ಹತ್ತಕ್ಕಾದರೂ ಹೆಸರು, ಊರು, ಕಥೆ ಬರೆದು ನಿಲ್ಲಿಸಬಹುದು.